ಆಚಾರಿಯ ಗುರುತು

ಹನೂರಿನ ಆಚೆ, ಕಾಡಂಚಿನ ಊರಿನ ನಂಜೇಗೌಡನ ಕೈಯಲ್ಲಿ ಸಿಡಿದ ಬಂದೂಕಿನ ಬಾಡಿಯನ್ನು ಮಾಡಿದವನು ನಾನು. ಅದರ ಮೇಲೆ ಪುಟ್ಟಾಚಾರಿಯವರ ಗುರುತನ್ನು ಹೊಡೆದವನೂ ನಾನೇ. ಪುಟ್ಟಾಚಾರಿ ಆ ದಿನ ಕೊಳ್ಳೇಗಾಲದಲ್ಲೇ ಇರಲಿಲ್ಲ.

ಇಷ್ಟು ಹೇಳುವುದಕ್ಕೆ ನನಗೆ ಹೆಚ್ಚುಕಡಿಮೆ ಅರ್ಧ ಆಯುಷ್ಯ ಬೇಕಾಯಿತು. ಬರೆದಾದ ಮೇಲೆ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ — ಇಷ್ಟನ್ನು ಹೇಳಲಾರದೆ ಒಬ್ಬ ಮನುಷ್ಯನ ಬದುಕನ್ನು... ಇರಲಿ, ಮೊದಲಿನಿಂದ ಹೇಳುತ್ತೇನೆ. ನಡುವೆ ಎಲ್ಲಾದರೂ ನಾನು ನನ್ನ ಪರವಾಗಿ ವಾದ ಹೂಡುತ್ತಿದ್ದೇನೆ ಎಂದು ಕಂಡರೆ ದಯವಿಟ್ಟು ನಂಬಬೇಡಿ. ಅದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಕೊಳ್ಳೇಗಾಲದಲ್ಲಿ ನಮ್ಮಪ್ಪನ ಕಾಲದಿಂದ ನಮ್ಮದೊಂದು ರಿಪೇರಿ ಅಂಗಡಿ. ಬಂದೂಕು ರಿಪೇರಿಗೂ ಲೈಸೆನ್ಸ್ ಇತ್ತು. ಕಾಡಂಚಿನ ರೈತರು ಹಂದಿ ಕಾಟಕ್ಕೆಂದು ಸರ್ಕಾರದಿಂದ ಪರವಾನಗಿ ಪಡೆದು ಇಟ್ಟುಕೊಂಡಿದ್ದ ಒಂಟಿ ನಳಿಗೆಯ ಬಂದೂಕುಗಳು ನಮ್ಮಲ್ಲಿಗೇ ಬರುತ್ತಿದ್ದವು. ಅಂಗಡಿಯ ಹಿಂದೆ ಪುಟ್ಟಾಚಾರಿಯವರ ಕುಲುಮೆ. ಅಪ್ಪನ ಜೊತೆಗಾರರು ಅವರು, ನನ್ನನ್ನು ಎತ್ತಿ ಆಡಿಸಿದವರು. ಅಪ್ಪ ತೀರಿಕೊಂಡ ಮೇಲೂ ಅವರು ಅಲ್ಲೇ ಉಳಿದರು. ಎಂಬತ್ತರ ದಶಕದ ಶುರುವಿನಲ್ಲಿ ನಾನು ಮೈಸೂರಿನಲ್ಲಿ ಲೇತ್ ಕೆಲಸ ಕಲಿತು ಬಂದು ಅಂಗಡಿಗೆ ಮಿಷನ್ನು ಹಾಕಿಸಿದೆ. ಸತ್ತೇಗಾಲದ ಆಲೆಮನೆಗಳಿಂದ ಗಾಣದ ಹಲ್ಲುಚಕ್ರ, ಎಲ್ಲ ಕಡೆಯಿಂದ ಪಂಪ್‌ಸೆಟ್ಟಿನ ಶಾಫ್ಟು — ಕೆಲಸಕ್ಕೇನೂ ಬರವಿರಲಿಲ್ಲ. ಜಂಬಕ್ಕೂ ಇರಲಿಲ್ಲ.

ಬಂದೂಕಿನ ನಳಿಗೆ ಹಿಂಬದಿಯಲ್ಲಿ ಬಂದು ಕೂರುವ ಗಟ್ಟಿ ಉಕ್ಕಿನ ಭಾಗಕ್ಕೆ ನಮ್ಮಲ್ಲಿ ಬಾಡಿ ಎನ್ನುತ್ತಾರೆ. ಗುಂಡು ಹಾರಿಸಲು ಎಳೆಯುವ ಕುದುರೆ, ಸ್ಪ್ರಿಂಗು ಎಲ್ಲ ಅದರೊಳಗೇ. ತೋಟಾ ಸಿಡಿದಾಗ ಆ ಹೊಡೆತವನ್ನು ಅದೇ ತಡೆದುಕೊಳ್ಳಬೇಕು. ಹಳೇ ಬಂದೂಕುಗಳಲ್ಲಿ ಅದು ಸವೆಯುತ್ತದೆ, ಬಿರುಕು ಬಿಡುತ್ತದೆ. ಹೊಸದು ಮಾಡಲು ಎರಡು ದಾರಿ. ಉಕ್ಕನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು ಆಕಾರಕ್ಕೆ ತಂದು, ಆಮೇಲೆ ಬೇಕಾದಷ್ಟು ಮಾತ್ರ ಮಿಷನ್ನಿನಲ್ಲಿ ಕೊರೆಯುವುದು — ಇದು ಬಡಿದ ಬಾಡಿ. ಉಕ್ಕಿನ ಇಡೀ ಗಟ್ಟಿಯನ್ನೇ ಮಿಷನ್ನಿಗೆ ಕಚ್ಚಿಸಿ, ಬೇಡದ್ದನ್ನೆಲ್ಲ ಕಡೆದು ತೆಗೆಯುವುದು — ಇದು ಕಡೆದ ಬಾಡಿ. ಪುಟ್ಟಾಚಾರಿಯವರದು ಮೊದಲನೆಯದು, ನನ್ನದು ಎರಡನೆಯದು. ಇದರ ಮೇಲೆ ನಮ್ಮಿಬ್ಬರಿಗೂ ದಿನಾ ಜಟಾಪಟಿ.

"ಬಡುದ್ರೆ ಕಬ್ಣ ಒಳಗೊಳಗೇ ಕೂಡ್ಕತದೆ ಕಣಪ್ಪ. ನೀನ್ ಕಡ್ಯಾದು ಅಂದ್ರೆ ಅದ್ರ ನರನೇ ಕುಯ್ದಂಗೆ" ಎನ್ನುವರು ಅವರು.

"ನಿಮ್ಮ ಒಂದೊಂದು ಏಟೂ ಒಂದೊಂದು ಥರ ಬೀಳುತ್ತೆ ಆಚಾರ್ರೇ. ನನ್ನ ಮಿಷನ್ನು ಕೂದಲೆಳೆಯಷ್ಟೂ ತಪ್ಪಲ್ಲ" ಎನ್ನುವೆ ನಾನು. ಅವರು ನಕ್ಕು ಬೀಡಿ ಹಚ್ಚುವರು. ಆ ನಗು ಕಂಡರೆ ನನಗೆ ಮೈಯುರಿ.

ಕಸುಬಿನವನಾಗಿ ಒಂದು ಮಾತು ಈಗ ಹೇಳಬೇಕು. ಉಕ್ಕು ಎಂಥದ್ದೆಂದು ಗೊತ್ತಿದ್ದು, ಅದಕ್ಕೆ ತಕ್ಕ ಹದ ಕೊಟ್ಟರೆ ಬಡಿದದ್ದೂ ನಿಲ್ಲುತ್ತದೆ, ಕಡೆದದ್ದೂ ನಿಲ್ಲುತ್ತದೆ. ಇದು ನನಗೆ ಆಗಲೂ ಗೊತ್ತಿತ್ತು. ಹಾಗಾಗಿ ಕಡೆದದ್ದು ನನ್ನ ತಪ್ಪಲ್ಲ. ಕಡೆದದ್ದನ್ನು ಬಡಿದದ್ದು ಎಂದು ಕೊಟ್ಟೆನಲ್ಲ — ಅದು.

ಇನ್ನೊಂದು ಪದ್ಧತಿಯನ್ನೂ ಹೇಳದಿದ್ದರೆ ನಾನು ಮಾಡಿದ್ದೇನೆಂದು ನಿಮಗೆ ಪೂರ್ತಿ ತಿಳಿಯುವುದಿಲ್ಲ. ನಮ್ಮ ಕಡೆಯ ರೈತರು ಹೊಸ ಬಾಡಿ ಹಾಕಿದ ಬಂದೂಕನ್ನು ಮೊದಲ ಸಲಕ್ಕೇ ಹೆಗಲಿಗೆ ಇಡುವುದಿಲ್ಲ. ಹುಣಸೆ ಮರದ ಬುಡಕ್ಕೆ ಬಿಗಿದು, ಕುದುರೆಗೆ ಹಗ್ಗ ಕಟ್ಟಿ, ದೂರ ನಿಂತು ಎಳೆಯುತ್ತಾರೆ. ಸಿಡಿಯುವುದಿದ್ದರೆ ಮರದ ಹತ್ತಿರವೇ ಸಿಡಿಯಲಿ ಎಂದು. ಪುಟ್ಟಾಚಾರಿಯವರ ಬಾಡಿಗೆ ಮಾತ್ರ ಈ ಪರೀಕ್ಷೆ ಇರಲಿಲ್ಲ. ಯಾಕೆಂದರೆ ಆ ಪರೀಕ್ಷೆಯನ್ನು ಅವರೇ ಮಾಡಿ, ಒಂದಕ್ಕೆರಡು ಸಲ ನೋಡಿ, ಆಮೇಲಷ್ಟೇ ತಮ್ಮ ಗುರುತು ಹೊಡೆಯುತ್ತಿದ್ದರು — ಸಣ್ಣದೊಂದು ಬೇವಿನೆಲೆಯ ಅಚ್ಚು. ಆ ಎಲೆ ಬಿದ್ದ ಬಂದೂಕನ್ನು ಯಾರಾದರೂ ಮತ್ತೆ ಮರಕ್ಕೆ ಕಟ್ಟಿದರೆ ಅದು ಆಚಾರಿಗೆ ಮಾಡಿದ ಅವಮಾನ. ಯಾರೂ ಕಟ್ಟುತ್ತಿರಲಿಲ್ಲ.

ಆ ವರ್ಷ ನಂಜೇಗೌಡ ಬಂದ. ನನ್ನ ವಯಸ್ಸಿನವನೇ, ಮದುವೆಯಾಗಿ, ಎಳೇ ಮಗನಿದ್ದ. ಅವನಪ್ಪನ ಕಾಲದ ಬಂದೂಕಿನ ಬಾಡಿ ಬಿರುಕು ಬಿಟ್ಟಿತ್ತು. ಹೊಲದಲ್ಲಿ ಮುಸುಕಿನ ಜೋಳ ತೆನೆ ಕಟ್ಟುವ ಹೊತ್ತು, ಹಂದಿಗಳು ಸಾಲು ಸಾಲೇ ನೆಲಸಮ ಮಾಡುತ್ತಿದ್ದವು. ಅಂಗಡಿಯಲ್ಲಿ ಇನ್ನೂ ನಾಲ್ಕಾರು ಜನ ಇದ್ದರು. ಅವರ ಮುಂದೆಯೇ, "ಬಡ್ದದ್ದೇ ಬೇಕು ಮಾದೇವಪ್ಪೋರೆ. ಕಡ್ದದ್ದು ನಂಗ್ ಬ್ಯಾಡ" ಎಂದ.

ನಾನು ಮೂಗು ಮುರಿದೆ. ಅವನು ಬೇಸರಪಟ್ಟುಕೊಳ್ಳದೆ, "ನಿಮ್ ಮಿಷನ್ ಮೇಲೆ ನಂಗೇನ್ ಕ್ವಾಪ ಇಲ್ಲ ಕಣ್ರಿ. ಅಂದಿ ಎದ್ರುಗ್ ನಿಂತಾಗ ಮನ್ಸಿಗೆ ಧೈರ್ಯ ಬೇಕಲ್ವಾ" ಎಂದ. ಎಲ್ಲರೂ ನಕ್ಕರು. ಒಳಗೊಳಗೇ ಕುದ್ದುಹೋದೆ.

ಪುಟ್ಟಾಚಾರಿಯವರ ಹೆಂಡತಿ ತಾಯಮ್ಮ ಆಗ ಯಳಂದೂರಿನ ತವರುಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಮಕ್ಕಳಿರಲಿಲ್ಲ. ಆಚಾರಿ ಅಲ್ಲಿಗೂ ಇಲ್ಲಿಗೂ ಬಸ್ಸಿನಲ್ಲಿ ಓಡಾಡುತ್ತಿದ್ದರು. ಹಾಗೆ ಬಂದಿದ್ದ ಒಂದು ದಿನ ನಂಜೇಗೌಡನ ಬಾಡಿಯನ್ನು ಬಡಿದು ಮುಗಿಸಿ ನನ್ನ ಮುಂದಿಟ್ಟರು. "ತೂತ ಕೊರ್ದು ಮಡ್ಗಿರು. ನಾನ್ ಬಂದು ಮರಕ್ಕ್ ಕಟ್ಟಿ ನೋಡಿ ಗುರ್ತು ಒಡೀತೀನಿ" ಎಂದು ಹೇಳಿ, ಮುಖ ತೊಳೆದುಕೊಂಡು, ಬಸ್ ಸ್ಟ್ಯಾಂಡಿನ ಕಡೆ ಹೊರಟರು.

ನಾನು ಅದನ್ನು ಕೆಡಿಸಿದೆ. ಮಿಷನ್ನಿಗೆ ಸೊಟ್ಟಗೆ ಕಚ್ಚಿಸಿದ್ದೆ, ನೋಡಿಕೊಳ್ಳಲಿಲ್ಲ. ಅಂಗಡಿಯಲ್ಲಿ ಕೂತಿದ್ದ ಯಾರಿಗೋ ಮಿಷನ್ನಿನ ಗುಣಗಾನ ಮಾಡುತ್ತಾ ಕೊರೆಯುತ್ತಿದ್ದೆ — ಹೌದು, ಕೂದಲೆಳೆಯಷ್ಟೂ ತಪ್ಪಲ್ಲ ಎಂಬ ಅದೇ ಪುರಾಣ. ನಿಲ್ಲಿಸಿ ನೋಡಿದಾಗ ತೂತು ಒಂದು ಪಕ್ಕಕ್ಕೆ ಓಡಿಹೋಗಿತ್ತು. ಆ ಪಕ್ಕದ ಗೋಡೆ ತೆಳ್ಳಗಾಗಿ ಇನ್ನು ಯಾವ ಕೆಲಸಕ್ಕೂ ಬಾರದು.

ಅಲ್ಲಿಗೇ ನಿಲ್ಲಿಸಿ, "ಆಚಾರ್ರೇ, ಕೆಡಿಸಿಬಿಟ್ಟೆ, ಇನ್ನೊಂದು ಬಡಿದುಕೊಡಿ" ಎಂದಿದ್ದರೆ... ಅವರು ಬೈಯುತ್ತಲೂ ಇರಲಿಲ್ಲ. ನಗುತ್ತಿದ್ದರು. ಆ ನಗುವಿಗೆ ಹೆದರಿದೆ. ಹೇಳಿಕೊಳ್ಳಲೇ ನಾಚಿಕೆಯಾಗುವಷ್ಟು ಸಣ್ಣ ಕಾರಣ, ಆದರೆ ಅದೇ ಕಾರಣ.

ಅಷ್ಟರಲ್ಲಿ ಯಳಂದೂರಿನಿಂದ ತಾಯಮ್ಮ ಹೋದ ಸುದ್ದಿ ಬಂತು. ಆಚಾರಿ ತಿಥಿ ಮುಗಿಸಿಕೊಂಡೇ ಬರುವುದು ಎಂದಾಯಿತು. ನಂಜೇಗೌಡ ದಿನ ಬಿಟ್ಟು ದಿನ ಬಂದು ನಿಲ್ಲುತ್ತಿದ್ದ. ನಾನು ಕೆಟ್ಟುಹೋದದ್ದನ್ನು ಗುಜರಿಯವನ ಗಾಡಿಗೆ ಎಸೆದೆ. ಮೂಲೆಯಲ್ಲಿ ಬಿದ್ದಿದ್ದ ಒಂದು ಉಕ್ಕಿನ ತುಂಡು — ಯಾವುದೋ ಲಾರಿಯದು, ಎಂಥ ಉಕ್ಕು ಎಂದು ಕೂಡ ಗೊತ್ತಿಲ್ಲದ್ದು — ಅದರಿಂದ ಹೊಸದೊಂದು ಕಡೆದೆ. ಕಡೆದದ್ದು ನುಣುಪಾಗಿ, ಅಂದವಾಗಿ ಬಂತು. ಅಷ್ಟು ಅಂದ ಇದ್ದರೆ ಸಿಕ್ಕಿಬೀಳುತ್ತೇನಲ್ಲ. ಆಚಾರಿಯ ಆರಿದ ಕುಲುಮೆಗೆ ಬೆಂಕಿ ಹಾಕಿ, ಕಾಯಿಸಿ, ಮೇಲೆಲ್ಲ ಸುತ್ತಿಗೆಯ ಏಟು ಕಾಣುವ ಹಾಗೆ ಬಡಿದೆ. ಎಷ್ಟು ಕಾಯಿಸಬೇಕು, ಎಲ್ಲಿ ನಿಲ್ಲಿಸಬೇಕು — ನನಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಉಕ್ಕಿಗೆ ಇದ್ದಬದ್ದ ಕಸುವನ್ನೂ ಸುಟ್ಟು ತೆಗೆದೆ ಎಂದು ಈಗ ಅನ್ನಿಸುತ್ತದೆ. ಆಮೇಲೆ ಮೊಳೆಗೆ ತೂಗುಹಾಕಿದ್ದ ಅವರ ಅಚ್ಚನ್ನು ತೆಗೆದುಕೊಂಡು ಎಲೆಯ ಗುರುತು ಹೊಡೆದೆ. ಒಂದೇ ಏಟಿಗೆ ಚೆನ್ನಾಗಿ ಮೂಡಿತು.

ಮರಕ್ಕೆ ಕಟ್ಟಿ ನೋಡಬಹುದಿತ್ತು. ಯಾಕೆ ಕಟ್ಟಲಿಲ್ಲ? ನನ್ನ ಕೆಲಸದ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು ಎಂದು ಬಹಳ ಕಾಲ ಹೇಳಿಕೊಂಡಿದ್ದೆ. ಸುಳ್ಳು. ಸಿಡಿದುಬಿಟ್ಟರೆ ಕೊಡಲು ಏನೂ ಉಳಿಯುವುದಿಲ್ಲ, ಬಾಯಿ ಬಿಡಬೇಕಾಗುತ್ತದೆ ಎಂಬ ಹೆದರಿಕೆ. ಅಂದರೆ ಸಿಡಿಯಬಹುದು ಎಂದು ನನಗೆ...

ಹೌದು, ಅನ್ನಿಸಿತ್ತು.

ನಂಜೇಗೌಡ ಬಂದು ಎಲೆಯ ಗುರುತಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. "ಬಡ್ದದ್ದು ತಾನೇ?" ಎಂದ. "ಗುರುತು ಕಾಣಲ್ವೇನಯ್ಯ?" ಎಂದೆ. "ಗುರ್ತು ಬಿದ್ದದೆ ಅಂದ್ರೆ ಆಯ್ತು ಬುಡಿ" ಎಂದು ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹನೂರಿನ ಬಸ್ಸು ಹತ್ತಿದ.

ಆಚಾರಿ ತಲೆ ಬೋಳಿಸಿಕೊಂಡು ಯಳಂದೂರಿನಿಂದ ಬಂದಾಗ, "ನಂಜೇಗೌಡ ಅವಸರ ಮಾಡಿದ. ನಿಮ್ಮದನ್ನು ನಾನೇ ಮರಕ್ಕೆ ಕಟ್ಟಿ ನೋಡಿ, ಗುರುತು ಹೊಡೆದುಕೊಟ್ಟೆ" ಎಂದೆ. "ಒಳ್ಳೇದಾಯ್ತು ಬುಡು" ಎಂದರು. ಅವರ ಗಮನ ಇಲ್ಲಿರಲಿಲ್ಲ.

ಬಂದೂಕು ಸಿಡಿದದ್ದು ಅದೇ ವಾರ. ಸಂಜೆ ಹೊತ್ತು ಹೊಲದ ಬದುವಿನಲ್ಲಿ, ಹಂದಿಗೆ ಗುರಿ ಇಟ್ಟಾಗ. ಬಲಗಣ್ಣು ಹೋಯಿತು. ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿಯಿತು. ಜೀವ ಉಳಿದದ್ದೇ ಹೆಚ್ಚು ಎಂದು ಜನ ಮಾತಾಡಿಕೊಂಡರು.

ವಿಚಾರಣೆಗೆ ಬಂದ ಪೊಲೀಸ್ ಅಧಿಕಾರಿ ಒಡೆದ ಚೂರುಗಳನ್ನು ನಮ್ಮ ಅಂಗಡಿಯ ಮೇಜಿನ ಮೇಲೆ ಹರಡಿ, "ಇದು ಯಾರ ಕೆಲಸ?" ಎಂದು ಕೇಳಿದರು. ಆಚಾರಿ ನನ್ನ ಪಕ್ಕದಲ್ಲೇ ನಿಂತಿದ್ದರು. ಮಾತು ಸಲೀಸಾಗಿ ಬಂತು.

"ಗುರುತು ಅವರದೇ ಸಾರ್."

ನೋಡಿ, ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಈ ಜನ್ಮದಲ್ಲಿ ಹೇಳಿಲ್ಲ.

ಆಚಾರಿ ಒಂದು ಚೂರನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಮುರಿದ ಜಾಗ ಕಲ್ಲುಪ್ಪಿನ ಹಾಗೆ ಹರಳು ಹರಳಾಗಿತ್ತು. ಅತಿಯಾಗಿ ಕಾಯಿಸಿ ಕೆಟ್ಟ ಉಕ್ಕು ಹಾಗೆ ಮುರಿಯುತ್ತದೆ. ಈಗ ಹೇಳುತ್ತಾರೆ, ಈಗ ಇದು ನನ್ನದಲ್ಲ ಎನ್ನುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ಬೇರೆ.

"ಸುಟ್ಟೋಗದೆ ಸಾ. ಕಾಯ್ಸುವಾಗ ನನ್ ಗ್ಯಾನ ಎಲ್ಲೋ ಇತ್ತು. ನಂದೇ ತಪ್ಪು. ಮಾದೇವಪ್ಪಂದು ಏನೂ ಇಲ್ಲ ಸಾ, ಅವ್ನು ತೂತ ಕೊರ್ದವ್ನೆ ಅಷ್ಟೆ."

ನಾನು ತಲೆ ತಗ್ಗಿಸಿ ನಿಂತೆ. ನೋಡಿದವರಿಗೆ ಅದು ದುಃಖದಂತೆ ಕಂಡಿರಬೇಕು.

ನಂಜೇಗೌಡ ದೂರು ಕೊಡಲು ಒಪ್ಪಲಿಲ್ಲ. ಇನ್ನು ಮೇಲೆ ಬಂದೂಕಿನ ಕೆಲಸ ಮುಟ್ಟಬಾರದು ಎಂದು ಆಚಾರಿಗೆ ಹೇಳಿ ಅಧಿಕಾರಿ ಹೊರಟುಹೋದರು. ಹೇಳುವ ಅಗತ್ಯವೇ ಇರಲಿಲ್ಲ. ಆಚಾರಿ ಅದಾಗಲೇ ಕುಲುಮೆಗೆ ನೀರು ಸುರಿದಿದ್ದರು. ನಂಜೇಗೌಡ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವರು ಅಲ್ಲಿಗೆ ಹೋಗಿ ಬಾಗಿಲಲ್ಲಿ ನಿಂತು, "ನಿನ್ ಕೈ ಕಳ್ದೋನು ನಾನು. ಇನ್ಮೇಲೆ ನನ್ ಕೈಯೇ ನಿನ್ ಕೈ" ಎಂದರಂತೆ. ಮಾತಿಗೆ ಹೇಳುವುದು ಬೇರೆ. ಅವರು ಹೇಳಿದ ಹಾಗೇ ಮಾಡಿದರು. ಕುಲುಮೆಯ ಬೆಂಕಿ ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯ, ಐವತ್ತು ದಾಟಿದ ಮೇಲೆ ನೇಗಿಲು ಹಿಡಿಯುವುದು ಕಲಿತು, ಇನ್ನೊಬ್ಬರ ಹೊಲದಲ್ಲಿ ಉತ್ತು ಬಿತ್ತಿ, ಅವರ ಕೊಟ್ಟಿಗೆಯ ಪಕ್ಕದಲ್ಲಿ ಮಲಗಿ ಕಾಲ ಹಾಕಿದರು. ಕೂಲಿ ಎಂದು ಏನೂ ಮುಟ್ಟಲಿಲ್ಲ. ಎರಡು ಹೊತ್ತಿನ ಮುದ್ದೆ, ಅಷ್ಟೆ.

ನನಗೇನಾಯಿತು ಎಂದು ಕೇಳುತ್ತೀರಾ? ಒಳ್ಳೆಯದೇ ಆಯಿತು. ಬಡಿದ ಬಾಡಿಯನ್ನು ನಂಬಬಾರದು ಎಂದು ಸುತ್ತಮುತ್ತಲ ಊರುಗಳೆಲ್ಲ ತೀರ್ಮಾನ ಮಾಡಿದವು. ಎಲ್ಲರೂ ಕಡೆದದ್ದೇ ಬೇಕು ಎಂದು ನನ್ನ ಬಾಗಿಲಿಗೆ ಬಂದರು. ನಮ್ಮ ಜಟಾಪಟಿ ಹೀಗೆ ಬಗೆಹರಿಯಿತು. ಕುಲುಮೆ ಇದ್ದ ಜಾಗದಲ್ಲಿ ನಾನು ಎರಡನೇ ಲೇತ್ ಹಾಕಿಸಿದೆ. ಒಳ್ಳೆಯ ಉಕ್ಕನ್ನೇ ತರಿಸುತ್ತಿದ್ದೆ, ಒಂದೊಂದನ್ನೂ ಮರಕ್ಕೆ ಕಟ್ಟಿ ನೋಡುತ್ತಿದ್ದೆ. ನಂಜೇಗೌಡನ ಕೈ ಹೋದ ಮೇಲೆ ನನಗೆ ಅಷ್ಟು ಎಚ್ಚರ ಬಂತು.

ಹನೂರಿನ ಸಂತೆಯಲ್ಲಿ ಅವರಿಬ್ಬರನ್ನೂ ಎಷ್ಟೋ ಸಲ ನೋಡಿದೆ. ನಂಜೇಗೌಡ ಎಡಗೈಯಲ್ಲಿ ಚೀಲದ ಬಾಯಿ ಒತ್ತಿ ಹಿಡಿಯುವುದು, ಆಚಾರಿ ಹಗ್ಗದ ಗಂಟು ಹಾಕುವುದು. ಒಬ್ಬನೇ ಮನುಷ್ಯ ಎರಡು ಕೈಯಲ್ಲಿ ಕೆಲಸ ಮಾಡಿದ ಹಾಗಿರುತ್ತಿತ್ತು. ನಾನು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದೆ. ಒಮ್ಮೆ ದಾಟುವಷ್ಟರಲ್ಲಿ ಆಚಾರಿ ಕಂಡುಬಿಟ್ಟು, "ಸಂದಾಗಿದ್ದೀಯಾ ಮಾದೇವಪ್ಪ?" ಎಂದು ಕೂಗಿದರು. ಚೆನ್ನಾಗಿದ್ದೇನೆ ಎಂದೆ.

ಆಮೇಲೆ ಕಾಡುಗಳ್ಳನಿಗಾಗಿ ಪೊಲೀಸರು ಕಾಡಿನಲ್ಲಿ ನಡೆಸಿದ ದೊಡ್ಡ ಹುಡುಕಾಟದ ವರ್ಷಗಳು ಬಂದವು. ಕಾಡಂಚಿನವರ ಬಂದೂಕುಗಳೆಲ್ಲ ಠಾಣೆ ಸೇರಿದವು. ನನಗೂ ಆ ಕೆಲಸ ತಪ್ಪಿತು, ಮರೆಯಲು ಅನುಕೂಲವಾಯಿತು. ಮೊನ್ನೆ ಮೊನ್ನೆ ಆ ಹುಡುಕಾಟ ಮುಗಿದ ಮೇಲೆ ಕೆಲವರ ಬಂದೂಕುಗಳು ವಾಪಸು ಬರುತ್ತಿವೆ. ಹಾಗೆ ಬಂದ ಒಂದನ್ನು ಹಿಡಿದುಕೊಂಡು ಅದರ ಯಜಮಾನನ ಜೊತೆ ಒಬ್ಬ ಯುವಕ ಅಂಗಡಿಗೆ ಬಂದ. ಒಂದು ಮಾತಾಡುವಷ್ಟರಲ್ಲಿ ಗೊತ್ತಾಯಿತು — ನಂಜೇಗೌಡನ ಮಗ ಸ್ವಾಮಿ. ಜೊತೆಗಿದ್ದವನು ಅವನ ಸೋದರಮಾವ.

"ಕಡ್ದದ್ದೇ ಆಕ್ಕೊಡಿ ಸಾ. ಬಡ್ದದ್ದು ನಂಬಿ ನಮ್ಮಪ್ಪ ಕೈ ಕಳ್ಕಂಡ. ಅವತ್ತು ನಿಮ್ ಮಿಷನ್ನಲ್ಲಿ ಕಡ್ಸಿದ್ರೆ ಇಂಗಾಯ್ತಿತ್ತಾ?" ಎಂದ ಸ್ವಾಮಿ.

ನಾನು ತಲೆಯಾಡಿಸಿದೆ. ಇಷ್ಟು ವರ್ಷದ ಮೇಲೂ, ಕೇಳಿದ ತಕ್ಷಣ, ಯೋಚಿಸದೆ — ತಲೆಯಾಡಿಸಿದೆ. ಆಚಾರಿ ಹೇಗಿದ್ದಾರೆ ಎಂದು ಕೇಳಿದೆ. "ಈಗೀಗ ಎದ್ದು ನಿಲ್ಲಾಕೇ ಕಷ್ಟ. ಆದ್ರೂ ವಲಕ್ ಓಗದು ಬುಡಾಕಿಲ್ಲ. ನಮ್ಮಪ್ಪ ಬ್ಯಾಡ ಅಂದ್ರೂ ಕೇಳಾಕಿಲ್ಲ" ಎಂದ. ಅವರು ಹೋದ ಮೇಲೆ ನಿಂತಿದ್ದ ಮಿಷನ್ನನ್ನು ಮತ್ತೆ ಶುರು ಮಾಡಲು ಹೋದೆ. ಆಗಲಿಲ್ಲ. ಮರುದಿನ ಬೆಳಿಗ್ಗೆ ಹನೂರಿನ ಬಸ್ಸು ಹತ್ತಿದೆ.

ಆಚಾರಿ ಮನೆಯ ಮುಂದೆ ಕೂತು ದನಗಳಿಗೆ ಜೋಳದ ಕಡ್ಡಿ ಕತ್ತರಿಸುತ್ತಿದ್ದರು. ಪಕ್ಕದಲ್ಲಿ ನಂಜೇಗೌಡ. ಆಚಾರಿ ಕೂತುಕೋ ಎಂದರು. ನಾನು ನಿಂತೇ ಹೇಳಿದೆ. ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ. ತೂತು ಕೆಡಿಸಿದ್ದು, ಕಡೆದದ್ದು, ಗುರುತು ಹೊಡೆದದ್ದು, ಮರಕ್ಕೆ ಕಟ್ಟದೆ ಕಟ್ಟಿದೆ ಎಂದದ್ದು — ಅಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಆಚಾರಿಯ ಕೈಯಲ್ಲಿದ್ದ ಕುಡುಗೋಲು ನಿಂತಿತು.

ಮೊದಲು ಮಾತಾಡಿದವನು ನಂಜೇಗೌಡ. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಕಡ್ದದ್ದು ಅಂತ ಒಂದ್ ಮಾತ್ ಏಳಿದ್ರೆ ಮರಕ್ಕ್ ಕಟ್ತಿದ್ದೆ ಕಣ್ರಿ. ಅಷ್ಟೇ ತಾನೇ? ಒಂದ್ ಮಾತು." ಆಮೇಲೆ, "ನಮ್ಗ್ ಏಳುದ್ರೆ ಆಗ್ನಿಲ್ಲ. ಊರ್ಗೂ ಏಳಿ" ಎಂದ.

ಹೇಳುತ್ತಿದ್ದೇನೆ. ಠಾಣೆಗೆ ಹೋಗಿ ಹೇಳಿದೆ. ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ. ಹಳೇ ಕತೆ ಬಿಡಿ ಎನ್ನುವವರೂ ಇದ್ದಾರೆ. ಬಿಡುವುದಿಲ್ಲ. ಈ ಬರಹವೂ ಅದಕ್ಕೇ.

ಆದರೆ ಆಚಾರಿ ನನ್ನನ್ನು ಕೇಳಿದ್ದು ಬೇರೆಯೇ. ತಲೆಯೆತ್ತದೆ, "ನಾನ್ ಬಡ್ದುದ್ದು ಎಂಗಿತ್ತಪ್ಪ? ನೀನ್ ಕೆಡ್ಸೋಕ್ ಮುಂಚೆ?" ಎಂದರು.

"ಚೆನ್ನಾಗಿತ್ತು ಆಚಾರ್ರೇ. ಯಾವ ದೋಷವೂ ಇರಲಿಲ್ಲ."

"ಸುಟ್ಟಿರ್ನಿಲ್ವಾ?"

"ಇಲ್ಲ."

ಅವರ ಮುಖ ಹಗುರವಾಗುತ್ತದೆ ಎಂದು ಕಾದೆ — ಅಷ್ಟಾದರೂ ನನ್ನಿಂದ ಆಗಲಿ ಎಂಬ ಆಸೆ. ಅವರು ಮುದುಡಿಕೊಂಡು ಕೂತರು. ದನಿ ಎಷ್ಟು ಸಣ್ಣಗಿತ್ತೆಂದರೆ ನಂಜೇಗೌಡ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

"ತಾಯಮ್ಮನ್ ಬಯ್ಕಂಡ್ನಲ್ಲಪ್ಪ ಇಷ್ಟ್ ವರ್ಸ. ಇವಳ ಚಿಂತೇಲೇ ಕಬ್ಣ ಸುಟ್ಟೆ, ಸಾಯ್ತಾ ಸಾಯ್ತಾ ಒಬ್ಬನ್ ಕೈಯ ತಿನ್ಕಂಡೋದ್ಲು ಅಂತ. ಪಿತೃಪಕ್ಷದಲ್ಲಿ ಒಂದ್ ವರ್ಸನೂ ಅವಳಿಗೆ ಎಡೆ ಇಕ್ನಿಲ್ಲ. ಇಷ್ಟ್ ವರ್ಸ ಅವಳು ಉಪಾಸ ಕಣಪ್ಪ."

ಇದು ನನಗೆ ಗೊತ್ತಿರಲಿಲ್ಲ. ಒಬ್ಬನ ಕೈ, ಒಬ್ಬನ ಹೆಸರು, ಒಬ್ಬನ ಕಸುಬು ಕಿತ್ತುಕೊಂಡೆ ಎಂಬ ಲೆಕ್ಕ ಹಾಕಿಕೊಂಡೇ ಆ ಬಸ್ಸು ಹತ್ತಿದ್ದೆ. ಸತ್ತವಳನ್ನೂ ಅವಳ ಗಂಡನಿಂದ ಕಿತ್ತುಕೊಂಡಿದ್ದೇನೆಂದು...

ನಂಜೇಗೌಡ ಅವರ ಕೈಯಿಂದ ಕುಡುಗೋಲು ತೆಗೆದು ಪಕ್ಕಕ್ಕಿಟ್ಟು, "ಇನ್ ದುಡೀಬ್ಯಾಡ ಬುಡು ಆಚಾರಿ. ಇಲ್ಲೇ ಇರು, ಉಣ್ಣು. ದುಡೀಬ್ಯಾಡ" ಎಂದ. ಆಚಾರಿ ಗೋಡೆ ಹಿಡಿದು ಎದ್ದರು. ಒಳಗೆ ಹೋಗಿ ನಂಜೇಗೌಡನ ಹೆಂಡತಿಯನ್ನು ಒಂದು ಎಲೆ ಕೇಳಿದರು. ಅದು ಹಬ್ಬವಲ್ಲ, ಅಮಾವಾಸ್ಯೆಯಲ್ಲ. ಮನೆಯಲ್ಲಿ ಇದ್ದದ್ದು ಮುದ್ದೆ, ಸೊಪ್ಪಿನ ಸಾರು. ಅದನ್ನೇ ಬಡಿಸಿ ಗೋಡೆಗೆ ಎದುರಾಗಿ ಇಟ್ಟು, ಅದರ ಮುಂದೆ ಕೂತರು.

ನಾನು ಹೊಸ್ತಿಲು ದಾಟಲಿಲ್ಲ. ಅವರು ಕೈ ಮುಗಿದುಕೊಂಡು ಹೆಂಡತಿಯ ಹೆಸರು ಹಿಡಿದು ಕರೆಯುತ್ತಿದ್ದದ್ದು ಹೊರಗೆ ಕೇಳಿಸುತ್ತಿತ್ತು. ತಪ್ಪಾಯ್ತು ಕಣೆ, ಉಣ್ಣು ಬಾ ಎನ್ನುತ್ತಿದ್ದರು. ಮತ್ತೆ ಮತ್ತೆ ಅದನ್ನೇ ಎನ್ನುತ್ತಿದ್ದರು. ತಪ್ಪು ಮಾಡಿದವನು ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದೆ.